ಕರಿ ಎಣ್ಣೆ ಹೋಗುವುದೆಲ್ಲಿಗೆ?

ಎತ್ತಿನ ಗಾಡಿಯ ಕಾಲವನ್ನು ಕಂಡವರಿಗೆ ಕೀಲೆಣ್ಣೆಯ ನೆನಪು ಇದ್ದೇ ಇರುತ್ತದೆ. ಗಾಡಿಯ ಅಡಿಯಲ್ಲಿ ತೂಗಾಡುವ ಬಿದಿರಿನ ಕೊಳವೆ, ಅದರೊಳಗೆ ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಬೆರೆಸಿದ ಮಂದ ದ್ರವ. ದೂರದ ಊರಿಗೆ ಹೊರಡುವ ಮುನ್ನ ಗಾಲಿ ಬಿಚ್ಚಿ ಅಚ್ಚಿಗೆ ಸವರಿದರೆ ಮುಗಿಯಿತು. ಸವರಿದ ಎಣ್ಣೆ ಕೊನೆಗೆ ಎಲ್ಲಿ ಹೋಯಿತೆಂದು ಯಾರೂ ಕೇಳುತ್ತಿರಲಿಲ್ಲ. ಗಿಡದ ಬೀಜದಿಂದ ಬಂದ ಎಣ್ಣೆ, ಅದೂ ಒಂದು ಹಿಡಿಯಷ್ಟು. ದಾರಿಯ ಮಣ್ಣು ಅದನ್ನು ಅರಗಿಸಿಕೊಳ್ಳುತ್ತಿತ್ತು.

ಇಂದು ಮನೆಯ ಮುಂದೆ ನಿಂತಿರುವ ಸಾಧಾರಣ ಕಾರಿನ ಎಂಜಿನ್ನಿನಲ್ಲಿ ಮೂರರಿಂದ ನಾಲ್ಕು ಲೀಟರ್ ಎಣ್ಣೆ ಇರುತ್ತದೆ. ಅದನ್ನು ಕಾಲಕಾಲಕ್ಕೆ ಬದಲಾಯಿಸಬೇಕು. ಗ್ಯಾರೇಜಿನ ಗುಂಡಿಯ ಮೇಲೆ ಕಾರು ನಿಲ್ಲಿಸದೆ, ಅದರಡಿ ನುಸುಳದೆ, ಹೀರುವ ಪಂಪೊಂದರಿಂದ ಈ ಕೆಲಸವನ್ನು ಮನೆಯಂಗಳದಲ್ಲೇ ಮಾಡಿಕೊಳ್ಳುವವರಿದ್ದಾರೆ. ಅನುಕೂಲವೇನೋ ಹೌದು. ಆದರೆ ಗಾಡಿಯವನು ಕೇಳಿಕೊಳ್ಳದಿದ್ದ ಪ್ರಶ್ನೆಯನ್ನು ಕಾರಿನ ಒಡೆಯ ಕೇಳಿಕೊಳ್ಳಲೇಬೇಕಾಗುತ್ತದೆ: ಹೊರಬಂದ ಕರಿ ಎಣ್ಣೆ ಹೋಗುವುದೆಲ್ಲಿಗೆ?

ದಾರಿಗೆ ಸುರಿದ ಎಣ್ಣೆ

1859ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಎಡ್ವಿನ್ ಡ್ರೇಕ್ ಕೊರೆಸಿದ ಬಾವಿಯಿಂದ ಕಲ್ಲೆಣ್ಣೆ ಉಕ್ಕಿದ ಮೇಲೆ ಯಂತ್ರಗಳಿಗೆ ಖನಿಜ ತೈಲ ಹಾಕುವ ರೂಢಿ ಬೆಳೆಯಿತು. ಆದರೂ ಹರಳೆಣ್ಣೆ ಸುಲಭವಾಗಿ ಸೋಲಲಿಲ್ಲ. ಕಾವಿನಲ್ಲೂ ತನ್ನ ಜಿಗುಟನ್ನು ಉಳಿಸಿಕೊಳ್ಳುವ ಗುಣ ಅದಕ್ಕಿತ್ತು. ಲಂಡನ್ನಿನ ವೇಕ್‌ಫೀಲ್ಡ್ ಕಂಪನಿ 1909ರಲ್ಲಿ ಹರಳೆಣ್ಣೆ ಬೆರೆಸಿದ ತನ್ನ ತೈಲಕ್ಕೆ 'ಕ್ಯಾಸ್ಟ್ರಾಲ್' ಎಂದು ಹೆಸರಿಟ್ಟಿತು. ಹರಳೆಣ್ಣೆಯ ಇಂಗ್ಲಿಷ್ ಹೆಸರಾದ 'ಕ್ಯಾಸ್ಟರ್' ಅದರಲ್ಲಿ ಅಡಗಿದೆ. ನಮ್ಮ ಗಾಡಿಯ ಅಚ್ಚಿನ ಎಣ್ಣೆಗೂ ಕಾರಿನ ಎಣ್ಣೆಗೂ ಇರುವ ನಂಟು ಹೀಗೆ ಡಬ್ಬಿಯ ಮೇಲೆಯೇ ಅಚ್ಚಾಗಿದೆ.

ಆರಂಭದ ಅನೇಕ ಮೋಟಾರು ಗಾಡಿಗಳಲ್ಲಿ ಹಳೆಯ ಎಣ್ಣೆ ತೆಗೆಯುವ ಪ್ರಶ್ನೆಯೇ ಇರಲಿಲ್ಲ. ಪುಟ್ಟ ಬಟ್ಟಲಿನಿಂದ ತೊಟ್ಟಿಕ್ಕುವ ಎಣ್ಣೆ ಎಂಜಿನ್ನಿನ ಕೀಲುಗಳನ್ನು ನೆನೆಸಿ, ಒಂದಿಷ್ಟು ಹೊಗೆಯಾಗಿ, ಉಳಿದದ್ದು ಹನಿಯಾಗಿ ರಸ್ತೆ ಸೇರುತ್ತಿತ್ತು. ಮೊದಲ ಮಹಾಯುದ್ಧದ ಕಾಲದ ಎಷ್ಟೋ ವಿಮಾನಗಳಲ್ಲಿ ಸಿಲಿಂಡರುಗಳೇ ಗಿರ್ರನೆ ಸುತ್ತುವ ಎಂಜಿನ್ನುಗಳಿದ್ದವು. ಅವು ಪೆಟ್ರೋಲಿನಲ್ಲಿ ಕರಗದ ಹರಳೆಣ್ಣೆಯನ್ನೇ ಬೇಡುತ್ತಿದ್ದವು. ಕುಡಿದ ಎಣ್ಣೆಯನ್ನೆಲ್ಲ ಹೊರಕ್ಕೆ ಉಗುಳುತ್ತಿದ್ದವು. ಚಾಲಕನ ಮುಖ, ಬಟ್ಟೆಗಳು ಎಣ್ಣೆಯಲ್ಲಿ ತೊಯ್ಯುತ್ತಿದ್ದವು. ಹೀಗೆ ಎಣ್ಣೆಯನ್ನು ಒಮ್ಮೆ ಬಳಸಿ ಕಳೆದುಕೊಳ್ಳುವ ಪದ್ಧತಿಯನ್ನು ನಮ್ಮ ಜನವೂ ಬಹಳ ಕಾಲ ಕಂಡಿದ್ದಾರೆ. ಪೆಟ್ರೋಲ್ ಬಂಕಿನಲ್ಲಿ ಸ್ಕೂಟರಿಗೂ ಆಟೋರಿಕ್ಷಾಕ್ಕೂ ಪೆಟ್ರೋಲಿನ ಜತೆ ಆಯಿಲ್ ಬೆರೆಸಿ ಹಾಕಿಸಿಕೊಳ್ಳುತ್ತಿದ್ದ ದಿನಗಳನ್ನು, ಹಿಂದೆ ಏಳುತ್ತಿದ್ದ ನೀಲಿ ಹೊಗೆಯನ್ನು ಮರೆತವರು ಕಡಿಮೆ.

ಕ್ರಮೇಣ ಕಾರಿನ ಎಂಜಿನ್ನಿನ ತಳದಲ್ಲಿ ಎಣ್ಣೆಯನ್ನು ಹಿಡಿದಿಡುವ ತೊಟ್ಟಿ ಬಂತು. ಇಂಗ್ಲಿಷಿನಲ್ಲಿ ಇದರ ಹೆಸರೂ ಸಂಪು. ಬೆಂಗಳೂರಿನವರು ಮನೆಯ ನೆಲದಡಿಯ ನೀರಿನ ತೊಟ್ಟಿಗೆ ಹೇಳುವುದೂ ಅದೇ ಪದ. ನಮ್ಮ ಮೆಕ್ಯಾನಿಕರ ಬಾಯಲ್ಲಿ ಇದು 'ಚೇಂಬರ್'. 1908ರಲ್ಲಿ ಬಂದ ಫೋರ್ಡ್ ಕಂಪನಿಯ 'ಮಾಡೆಲ್ ಟಿ' ಕಾರಿನಲ್ಲಿ ಈ ತೊಟ್ಟಿಯೇನೋ ಇತ್ತು, ಎಣ್ಣೆ ಅಳೆಯುವ ಕಡ್ಡಿ ಇರಲಿಲ್ಲ. ಮಾಲೀಕ ಕಾರಿನಡಿ ತೆವಳಿ, ಒಂದರ ಕೆಳಗೊಂದಿದ್ದ ಎರಡು ಪುಟ್ಟ ನಲ್ಲಿಗಳನ್ನು ತಿರುಗಿಸಿ, ಎಣ್ಣೆ ಯಾವ ಮಟ್ಟದಲ್ಲಿದೆಯೆಂದು ತಿಳಿಯಬೇಕಿತ್ತು. ಮುಂದೆ ಆ ನಲ್ಲಿಗಳ ಜಾಗದಲ್ಲಿ ಮೇಲಿನಿಂದಲೇ ಅದ್ದಿ ನೋಡುವ ಕಡ್ಡಿ, ಅದಕ್ಕೊಂದು ಕೊಳವೆ ಬಂದವು. ಅಳತೆಗೆಂದು ಮಾಡಿದ ಆ ಕೊಳವೆಯೇ ಹೀರುವ ಪಂಪಿಗೆ ದಾರಿಯಾಯಿತು.

ಹೀರುವುದೋ, ತಳ್ಳುವುದೋ?

ಹೀರುವ ಪಂಪು ಹೇಗೆ ಕೆಲಸ ಮಾಡುತ್ತದೆ ಎಂಬುದು ಒಂದು ಕಾಲಕ್ಕೆ ಯುರೋಪಿನ ಪಂಡಿತರನ್ನೇ ಕಾಡಿದ ಸಮಸ್ಯೆ. ಪಂಪು ನೀರನ್ನು ಸುಮಾರು ಹತ್ತು ಮೀಟರಿಗಿಂತ ಮೇಲಕ್ಕೆ ಎಳೆಯಲಾರದೆಂಬುದನ್ನು ಗೆಲಿಲಿಯೊ 1638ರ ತನ್ನ ಗ್ರಂಥದಲ್ಲಿ ಪ್ರಸ್ತಾಪಿಸಿದ. ಕಾರಣವನ್ನು ಬಿಡಿಸಿದವನು ಅವನ ಶಿಷ್ಯ ಟಾರಿಚೆಲ್ಲಿ. ನಾವೆಲ್ಲ ಗಾಳಿಯ ಸಾಗರದ ತಳದಲ್ಲಿ ಬದುಕುತ್ತಿದ್ದೇವೆ, ಆ ಗಾಳಿಗೆ ತೂಕವಿದೆ ಎಂದು ಅವನು 1644ರ ಪತ್ರವೊಂದರಲ್ಲಿ ವಿವರಿಸಿದ. ಪಂಪು ಕೊಳವೆಯೊಳಗಿನ ಗಾಳಿಯನ್ನು ತೆಗೆಯುತ್ತದೆ, ಅಷ್ಟೆ. ದ್ರವವನ್ನು ಮೇಲಕ್ಕೆ ತಳ್ಳುವುದು ಹೊರಗಿನ ಗಾಳಿಯ ಭಾರ. ಆ ಭಾರ ಪಾದರಸವನ್ನು 76 ಸೆಂಟಿಮೀಟರ್, ನೀರನ್ನು ಹತ್ತು ಮೀಟರ್ ಚಿಲ್ಲರೆ ಎತ್ತರಕ್ಕೆ ತಳ್ಳಬಲ್ಲದು. ಮುಂದೆ ಜರ್ಮನಿಯ ಮಾಗ್ಡೆಬರ್ಗಿನ ಓಟೊ ಫಾನ್ ಗೆರಿಕೆ ಪಾತ್ರೆಯೊಳಗಿನ ಗಾಳಿಯನ್ನೇ ಹೊರತೆಗೆಯುವ ಪಂಪನ್ನು ಮಾಡಿದ. ಅವನು ಗಾಳಿ ತೆಗೆದ ಎರಡು ಲೋಹದ ಅರೆಗೋಲಗಳನ್ನು ಎರಡು ಕಡೆ ಕಟ್ಟಿದ ಕುದುರೆಗಳೂ ಬೇರ್ಪಡಿಸಲಾಗದೆ ಸೋತ ಕಥೆ ಶಾಲಾ ಪುಸ್ತಕಗಳಿಂದ ಓದುಗರಿಗೆ ಪರಿಚಿತ.

ಕಾರಿನ ಎಣ್ಣೆ ತೆಗೆಯುವ ಕೈಪಂಪು ಗೆರಿಕೆಯ ಸಾಧನದ ವಂಶಕ್ಕೇ ಸೇರಿದ್ದು. ಮುಚ್ಚಿದ ಡಬ್ಬಿಯೊಂದರ ಮೇಲೆ ಹಿಡಿಕೆ. ಹಿಡಿಕೆಯನ್ನು ಹಲವು ಬಾರಿ ಎಳೆದು ಒತ್ತಿದರೆ ಡಬ್ಬಿಯೊಳಗಿನ ಗಾಳಿ ಬಹುಮಟ್ಟಿಗೆ ಹೊರಹೋಗುತ್ತದೆ. ಆಮೇಲೆ ಎಣ್ಣೆ ತಾನಾಗಿಯೇ ಕೊಳವೆಯಲ್ಲಿ ಏರಿ ಡಬ್ಬಿಗೆ ಇಳಿಯುತ್ತದೆ. ಏರಬೇಕಾದ ಎತ್ತರ ಒಂದು ಮೀಟರಿನಷ್ಟು. ಗಾಳಿಯ ಭಾರಕ್ಕೆ ಇದು ಲೆಕ್ಕಕ್ಕಿಲ್ಲ. ದೋಣಿಗಳಲ್ಲಿ ಈ ಉಪಾಯ ಹಳೆಯದು. ದೋಣಿಯ ಹೊಟ್ಟೆಯಲ್ಲಿ ಕುಳಿತ ಎಂಜಿನ್ನಿನ ಅಡಿಗೆ ತಟ್ಟೆ ಇಡಲು ಜಾಗವೆಲ್ಲಿ? 1998ರಲ್ಲಿ ಯುರೋಪಿನ ಮಾರುಕಟ್ಟೆಗೆ ಬಂದ 'ಸ್ಮಾರ್ಟ್' ಎಂಬ ಪುಟ್ಟ ಕಾರಿನ ಮೊದಲ ಮಾದರಿಯ ತೊಟ್ಟಿಗೆ ತಳದ ಬೋಲ್ಟೇ ಇರಲಿಲ್ಲ. ಎಣ್ಣೆಯನ್ನು ಮೇಲಿನಿಂದಲೇ ಹೀರಬೇಕಿತ್ತು.

ಮನೆಯಂಗಳದಲ್ಲಿ

ಕೆಲಸದ ಕ್ರಮ ಸರಳ. ಸಮತಟ್ಟು ನೆಲದಲ್ಲಿ ಕಾರು ನಿಲ್ಲಿಸಿ, ಎಂಜಿನ್ನನ್ನು ಕೆಲವು ನಿಮಿಷ ಓಡಿಸಿ ಆರಿಸಬೇಕು. ತಣ್ಣಗಿನ ಎಣ್ಣೆ ಗಟ್ಟಿಬೆಲ್ಲದ ಪಾಕದಂತೆ ಸಪೂರ ಕೊಳವೆಯಲ್ಲಿ ತಡವರಿಸುತ್ತದೆ, ಬೆಚ್ಚಗಾದರೆ ಸರಾಗವಾಗಿ ಹರಿಯುತ್ತದೆ. ಅಳತೆಯ ಕಡ್ಡಿ ತೆಗೆದು, ಪಂಪಿನ ಕೊಳವೆಯನ್ನು ತೊಟ್ಟಿಯ ತಳ ಮುಟ್ಟುವವರೆಗೆ ಇಳಿಸಿ, ಡಬ್ಬಿಯ ಗಾಳಿ ತೆಗೆದರೆ ಹತ್ತಾರು ನಿಮಿಷಗಳಲ್ಲಿ ಎಣ್ಣೆ ಖಾಲಿ. ಎಷ್ಟು ಬಂತೆಂದು ಡಬ್ಬಿಯ ಗೆರೆಯಲ್ಲಿ ನೋಡಿ, ಫಿಲ್ಟರ್ ಬದಲಾಯಿಸಿ, ಕಾರಿನ ಕೈಪಿಡಿಯಲ್ಲಿ ಹೇಳಿದ ಎಣ್ಣೆಯನ್ನು ಹೇಳಿದಷ್ಟೇ ಹಾಕಬೇಕು. ಎಲ್ಲ ಎಂಜಿನ್ನುಗಳಲ್ಲೂ ಕೊಳವೆ ತಳ ಮುಟ್ಟುವುದಿಲ್ಲ. ಬಂದ ಎಣ್ಣೆ ಕೈಪಿಡಿಯ ಲೆಕ್ಕಕ್ಕಿಂತ ಬಹಳ ಕಡಿಮೆಯಿದ್ದರೆ ಆ ಕಾರಿಗೆ ತಳದ ಬೋಲ್ಟೇ ಗತಿ.

ಹೊರಬಂದ ಎಣ್ಣೆಯ ಕಪ್ಪನ್ನು ಕಂಡು ಗಾಬರಿಯಾಗಬೇಕಿಲ್ಲ. 1930ರ ದಶಕದಿಂದ ಎಂಜಿನ್ ಎಣ್ಣೆಗೆ ಕೊಳೆ ತೊಳೆಯುವ ದ್ರವ್ಯಗಳನ್ನು ಸೇರಿಸಲಾರಂಭಿಸಿದರು. ಅವು ಮಸಿಯನ್ನು ಲೋಹಕ್ಕೆ ಅಂಟಗೊಡದೆ ಎಣ್ಣೆಯಲ್ಲೇ ತೇಲಿಸುತ್ತವೆ. ಎಂಜಿನ್ನು ಸ್ವಚ್ಛವಾಗಿರಲೆಂದು ಎಣ್ಣೆ ಕಪ್ಪಾಗುತ್ತದೆ. ಆ ಕಪ್ಪಿನಲ್ಲಿ ಮಸಿಯ ಜತೆಗೆ ಸವೆದ ಲೋಹದ ಕಣಗಳೂ ಕ್ಯಾನ್ಸರ್ ತರಬಲ್ಲ ರಾಸಾಯನಿಕಗಳೂ ಇರುತ್ತವೆ. ಹಾಗಾಗಿ ಕೈಗವಸು ಬೇಕು. ಗೆದ್ದಲು ಹಿಡಿಯದಿರಲೆಂದು ಈ ಎಣ್ಣೆಯನ್ನು ಮನೆಯ ತೊಲೆ, ಬಾಗಿಲುಗಳಿಗೆ ಬಳಿಯುವ ರೂಢಿಯನ್ನೂ ಬಿಡುವುದು ಲೇಸು.

ಊರೊಂದು ಖಾಲಿಯಾದ ಬಗೆ

ಡಬ್ಬಿಯಲ್ಲಿ ತುಂಬಿದ ಎಣ್ಣೆ ದಾರಿ ತಪ್ಪಿದರೆ ಏನಾಗಬಹುದೆಂಬುದಕ್ಕೆ ಅಮೆರಿಕದ ಮಿಸ್ಸೂರಿ ರಾಜ್ಯದ ಟೈಮ್ಸ್ ಬೀಚ್ ಎಂಬ ಊರು ಸಾಕ್ಷಿ. ಸುಮಾರು ಎರಡು ಸಾವಿರ ಜನರಿದ್ದ ಊರು. ರಸ್ತೆಗಳಿಗೆ ಡಾಂಬರು ಹಾಕಿಸುವಷ್ಟು ಹಣವಿರಲಿಲ್ಲ. ಧೂಳು ಅಡಗಿಸಲೆಂದು 1970ರ ದಶಕದ ಆರಂಭದಲ್ಲಿ ಗುತ್ತಿಗೆದಾರನೊಬ್ಬನಿಂದ ಬೀದಿಗಳಿಗೆ ಬಳಸಿದ ಎಣ್ಣೆ ಸಿಂಪಡಿಸಿದರು. ಆ ಎಣ್ಣೆಯೊಂದಿಗೆ ರಾಸಾಯನಿಕ ಕಾರ್ಖಾನೆಯೊಂದರ ತ್ಯಾಜ್ಯವೂ ಬೆರೆತಿತ್ತು. ಅದರಲ್ಲಿದ್ದುದು ಡಯಾಕ್ಸಿನ್ ಎಂಬ ಘೋರ ವಿಷ. ಹತ್ತು ವರ್ಷಗಳ ಬಳಿಕ ಮಣ್ಣಿನ ಪರೀಕ್ಷೆ ನಡೆದಾಗ ಸತ್ಯ ಹೊರಬಿತ್ತು. 1983ರಲ್ಲಿ ಸರ್ಕಾರ ಇಡೀ ಊರನ್ನೇ ಕೊಂಡು ಜನರನ್ನು ಸ್ಥಳಾಂತರಿಸಿತು. ಕರಿ ಎಣ್ಣೆಯಲ್ಲಿ ಏನು ಬೆರೆತರೂ ಕಣ್ಣಿಗೆ ಕಾಣುವುದಿಲ್ಲ ಎಂಬುದೇ ಈ ದುರಂತದ ಪಾಠ. ಮನೆಯಲ್ಲಿ ಎಣ್ಣೆ ತೆಗೆಯುವವರು ಅದಕ್ಕೆ ಥಿನ್ನರ್, ಪೆಟ್ರೋಲ್, ಕೂಲೆಂಟ್ ಯಾವುದನ್ನೂ ಸೇರಿಸಬಾರದೆನ್ನುವುದು ಈ ಕಾರಣಕ್ಕೇ.

ಮೋರಿಗೆ ಸುರಿದರಂತೂ ಮೋರಿಯಿಂದ ರಾಜಕಾಲುವೆಗೆ, ಅಲ್ಲಿಂದ ಕೆರೆಗೆ. ಒಂದು ಕಾರಿನಿಂದ ಒಮ್ಮೆ ತೆಗೆದ ಎಣ್ಣೆ ಹತ್ತು ಲಕ್ಷ ಗ್ಯಾಲನ್, ಅಂದರೆ ಸುಮಾರು 38 ಲಕ್ಷ ಲೀಟರ್ ಸಿಹಿನೀರನ್ನು ಕೆಡಿಸಬಲ್ಲದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಎಚ್ಚರಿಸುತ್ತದೆ.

ಮರಳಿ ಎಣ್ಣೆಯಾಗಿ

ಹಾಗಾದರೆ ಸರಿಯಾದ ದಾರಿ ಯಾವುದು? ಎಣ್ಣೆಯಲ್ಲಿ ಕೆಡುವುದು ಹೆಚ್ಚಾಗಿ ಅದಕ್ಕೆ ಸೇರಿಸಿದ ದ್ರವ್ಯಗಳು. ಮೂಲ ತೈಲದ ಬಹುಭಾಗ ಹಾಗೆಯೇ ಇರುತ್ತದೆ. ಕೊಳೆ ತೆಗೆದರೆ ಮತ್ತೆ ಬಳಸಬಹುದು. ಭಾರತದಲ್ಲಿ ಅಪಾಯಕಾರಿ ತ್ಯಾಜ್ಯಗಳ ನಿಯಮಗಳು ಮೊದಲು ಬಂದದ್ದು 1989ರಲ್ಲಿ. ಬಳಸಿದ ಎಣ್ಣೆಯನ್ನು ಮರಳಿ ಸಂಗ್ರಹಿಸಿ ಶುದ್ಧೀಕರಿಸುವ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸುವ ತಿದ್ದುಪಡಿ 2023ರಲ್ಲಿ ಪ್ರಕಟವಾಗಿ 2024ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಆದರೆ ಡಬ್ಬಿಯಲ್ಲಿದ್ದ ಎಣ್ಣೆ ಅಂಗಳದಿಂದ ಅಧಿಕೃತವಾಗಿ ಸಂಗ್ರಹಿಸುವವರ ಕೈ ಸೇರದಿದ್ದರೆ ಯಾವ ನಿಯಮವೂ ಕೆಲಸಕ್ಕೆ ಬಾರದು. ಮುಚ್ಚಳ ಬಿಗಿದ ಡಬ್ಬಿಯನ್ನು ಅಂಥವರಿಗೆ, ಅಥವಾ ಅವರಿಗೆ ಎಣ್ಣೆ ಒಪ್ಪಿಸುವ ಗ್ಯಾರೇಜಿಗೆ ತಲುಪಿಸುವುದರಲ್ಲಿಯೇ ಈ ಕೆಲಸದ ಕೊನೆ.

ಸಾಧಾರಣ ಒತ್ತಡದಲ್ಲಿ ಎಣ್ಣೆಯನ್ನು ಕುದಿಯುವಷ್ಟು ಕಾಯಿಸಿದರೆ ಅದು ಸೀದು ಒಡೆದುಹೋಗುತ್ತದೆ. ಆದ್ದರಿಂದ ಶುದ್ಧೀಕರಣ ಕಾರ್ಖಾನೆಗಳಲ್ಲಿ ಪಾತ್ರೆಯ ಗಾಳಿ ತೆಗೆದು, ಕಡಿಮೆ ಕಾವಿನಲ್ಲೇ ಅದನ್ನು ಆವಿಯಾಗಿಸಿ ಭಟ್ಟಿ ಇಳಿಸುತ್ತಾರೆ. ಅಂಗಳದಲ್ಲಿ ಎಣ್ಣೆಯನ್ನು ಹೊರಗೆಳೆದ ಗೆರಿಕೆಯ ಆ ನಿರ್ವಾತವೇ ಅಲ್ಲಿ ಅದನ್ನು ಮತ್ತೆ ಶುಭ್ರಗೊಳಿಸುತ್ತದೆ. ಎರಡು ನಿರ್ವಾತಗಳ ನಡುವಿನ ದಾರಿಯಲ್ಲಿ ಎಣ್ಣೆಯನ್ನು ಹೊತ್ತು ನಡೆಯಬೇಕಾದವರು ಮಾತ್ರ ನಾವು.