ಮಜಗಾಂವಿನಿಂದ ಬೈಕುಲ್ಲಾಕ್ಕೆ ಬಂದ ಗ್ಲೋರಿಯಾ

ಬೈಕುಲ್ಲಾದ ಗ್ಲೋರಿಯಾ ಚರ್ಚಿನ ಎದುರು ನಿಂತರೆ ಮಧ್ಯಯುಗದ ಇಂಗ್ಲೆಂಡಿನ ಚರ್ಚೊಂದನ್ನು ಯಾರೋ ತಂದು ಮುಂಬಯಿಯ ಗದ್ದಲದ ನಡುವೆ ಇಟ್ಟಂತಿದೆ. ಆದರೆ ಈ ಕಟ್ಟಡ ಎದ್ದದ್ದು 1911ರಿಂದ 1913ರ ನಡುವೆ. ಗ್ಲೋರಿಯಾದ ವಯಸ್ಸು ಮಾತ್ರ ಇದರ ಮೂರು ಪಟ್ಟಿಗೂ ಮಿಗಿಲು.

ಮಜಗಾಂವ್ ಆಗ ಮುಂಬಯಿಯ ಏಳು ದ್ವೀಪಗಳಲ್ಲಿ ಒಂದು. 1572ರಲ್ಲಿ ಪೋರ್ಚುಗಲ್ಲಿನ ದೊರೆ ಅದನ್ನು ಸೋಜಾ ಎ ಲಿಮಾ ಮನೆತನಕ್ಕೆ ಉಂಬಳಿಯಾಗಿ ಕೊಟ್ಟ. 1632ರಲ್ಲಿ ಅಲ್ಲಿ ಮಹಿಮೆಯ ಮಾತೆಯ ಹೆಸರಿನಲ್ಲಿ ಚರ್ಚು ಕಟ್ಟಲಾಯಿತು. 1661ರ ಮದುವೆಯ ಒಪ್ಪಂದದಿಂದ ಮುಂಬಯಿ ಇಂಗ್ಲಿಷರ ಪಾಲಾಯಿತು. ಬಾವುಟ ಬದಲಾದರೂ ಗ್ಲೋರಿಯಾದಲ್ಲಿ ಪೂಜೆ ನಿಲ್ಲಲಿಲ್ಲ. ಸ್ಥಳೀಯ ಈಸ್ಟ್ ಇಂಡಿಯನ್ ಕ್ರೈಸ್ತರು ನೆಲೆಸಿದ್ದ ಊರಿಗೆ ಮುಂದೆ ಗೋವಾದವರೂ ಮಂಗಳೂರಿನವರೂ ಬಂದು ಸೇರಿದರು.

ದೊರೆತನ ಬದಲಾದಾಗ ಅಲುಗದ ಚರ್ಚನ್ನು ಬಂದರು ಅಲುಗಿಸಿತು. 1880ರಲ್ಲಿ ಪ್ರಿನ್ಸಸ್ ಡಾಕ್, 1888ರಲ್ಲಿ ವಿಕ್ಟೋರಿಯಾ ಡಾಕ್ ತೆರೆದವು. ಪೂರ್ವದ ಕರಾವಳಿಯೆಲ್ಲ ಗೋದಾಮು, ಹಳಿಗಳಿಂದ ತುಂಬತೊಡಗಿತು. ಪೋರ್ಟ್ ಟ್ರಸ್ಟಿಗೆ ಆ ಜಾಗ ಬೇಕಾಯಿತು. 1911ರಲ್ಲಿ ಹಳೆಯ ಚರ್ಚನ್ನು ಕೆಡವಿದರು.

ಬೈಕುಲ್ಲಾದಲ್ಲಿ ಹೊಸದನ್ನು ಕಟ್ಟುವಾಗ ಪೋರ್ಚುಗೀಸ್ ಮಾದರಿಯನ್ನು ಬಿಟ್ಟು ಇಂಗ್ಲಿಷ್ ಗಾಥಿಕ್ ಶೈಲಿಯನ್ನು ಆರಿಸಿಕೊಂಡರು. ಈ ಶೈಲಿಯ ಗುಟ್ಟು ಚೂಪು ಕಮಾನಿನಲ್ಲಿದೆ. ಅರ್ಧವೃತ್ತದ ಕಮಾನು ಗೋಡೆಯನ್ನು ಹೊರಕ್ಕೆ ಹೆಚ್ಚು ತಳ್ಳುತ್ತದೆ. ಚೂಪು ಕಮಾನು ಭಾರವನ್ನು ಬಹುಪಾಲು ಕೆಳಕ್ಕೆ ಇಳಿಸುತ್ತದೆ. ಉಳಿದ ಒತ್ತಡವನ್ನು ಗೋಡೆಗೆ ಹೊರಗಿನಿಂದ ಆನಿಸಿ ಕಟ್ಟಿದ ದಪ್ಪ ಕಂಬಗಳು ತಡೆಯುತ್ತವೆ. ಹೀಗೆ ಹಗುರಾದ ಗೋಡೆಯಲ್ಲಿ ಎತ್ತರದ ಕಿಟಕಿಗಳಿಗೆ ಎಡೆ ಸಿಗುತ್ತದೆ. ಬಿಸಿಲು ಕಡಿಮೆಯಿರುವ ಇಂಗ್ಲೆಂಡಿನ ಕುಶಲಕರ್ಮಿಗಳು 12ನೆಯ ಶತಮಾನದಿಂದ ಬೆಳೆಸಿದ ಉಪಾಯವಿದು. ಮುಂಬಯಿಗೆ ಆಗ ಇದು ಹೊಸದಲ್ಲ: ಕೊಲಾಬಾದ ಅಫ್ಘನ್ ಚರ್ಚು, ಬೋರಿಬಂದರಿನ ರೈಲು ನಿಲ್ದಾಣ ಎರಡೂ ಗಾಥಿಕ್ ಬಳಗದವೇ.

ಸೋಜಿಗವೆಂದರೆ, ಅದೇ ಬೈಕುಲ್ಲಾದಲ್ಲಿ ಇಂಗ್ಲಿಷರು ತಮಗಾಗಿ 1830ರ ದಶಕದಲ್ಲಿ ಕಟ್ಟಿಕೊಂಡ ಕ್ರೈಸ್ಟ್ ಚರ್ಚು ರೋಮನ್ನರ ಕಂಬಗಳನ್ನು ನೆಚ್ಚಿಕೊಂಡಿತು. ಪೋರ್ಚುಗೀಸರ ಕಾಲದ ಕೆಥೊಲಿಕರ ಚರ್ಚು ಇಂಗ್ಲೆಂಡಿನ ಮೈ ತಾಳಿತು.

ಕಲ್ಲು, ಶೈಲಿ, ಜಾಗ ಮೂರೂ ಬದಲಾದ ಮೇಲೂ ಇದನ್ನು 1632ರ ಚರ್ಚು ಎನ್ನಬಹುದೇ? ಕಟ್ಟಡವನ್ನಷ್ಟೇ ಅಳೆಯುವವರು ಒಪ್ಪಲಿಕ್ಕಿಲ್ಲ. ಮಜಗಾಂವಿನ ಭಕ್ತರಿಗೆ ಲೆಕ್ಕ ಬೇರೆ. ನೆಲ ಹೋದಾಗ ಅವರು ಹೆಸರನ್ನು ಬಿಟ್ಟುಕೊಡಲಿಲ್ಲ. ಆ ಹೆಸರಿಗಾಗಿ ಮತ್ತೊಂದು ಚರ್ಚು ಎದ್ದಿತು.