ಗುಪ್ತಪತ್ರವೂ ಅದನ್ನೊಯ್ಯುವ ಅಂಚೆಯವನೂ

ಗುಪ್ತಲೇಖನವು ನಮ್ಮ ದೇಶಕ್ಕೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಗೂಢಲೇಖ್ಯದ ಪ್ರಸ್ತಾಪವಿದೆ. ವಾತ್ಸ್ಯಾಯನನು ಎಣಿಸುವ ಅರವತ್ತನಾಲ್ಕು ಕಲೆಗಳಲ್ಲಿ ಮ್ಲೇಚ್ಛಿತವಿಕಲ್ಪವೆಂಬ ಸಂಕೇತಬರಹವೂ ಒಂದು. ಆದರೆ ಇಂತಹ ಹಳೆಯ ವಿಧಾನಗಳಿಗೆಲ್ಲ ಒಂದು ತೊಡಕಿತ್ತು. ಸಂಕೇತವನ್ನು ಬಿಡಿಸುವ ಕೀಲಿಕೈ ಯಾವುದೆಂಬುದನ್ನು ಬರೆಯುವವನೂ ಓದುವವನೂ ಮೊದಲೇ ಗೊತ್ತುಮಾಡಿಕೊಂಡಿರಬೇಕಾಗಿತ್ತು.

ಈ ತೊಡಕನ್ನು 1976ರಲ್ಲಿ ಬಿಡಿಸಿದವರು ಅಮೆರಿಕದ ಡಿಫಿ ಮತ್ತು ಹೆಲ್ಮನ್. ಬೀಗವನ್ನು ಲೋಕಕ್ಕೆಲ್ಲ ಹಂಚಬಹುದು, ತೆರೆಯುವ ಕೀಲಿಕೈ ಮಾತ್ರ ಒಡೆಯನಲ್ಲಿಯೇ ಇರಬೇಕೆಂಬುದು ಅವರ ಆಲೋಚನೆಯ ತಿರುಳು. ಬ್ರಿಟಿಷ್ ಸರ್ಕಾರದ ಗಣಿತಜ್ಞರು ಇದನ್ನು ಇನ್ನೂ ಮೊದಲೇ ಕಂಡುಕೊಂಡಿದ್ದರಾದರೂ ಆ ಸಂಗತಿಯನ್ನು 1997ರವರೆಗೆ ಹೊರಗೆಡಹಲಿಲ್ಲ. ಗುಟ್ಟಿನ ಶಾಸ್ತ್ರವೇ ಗುಟ್ಟಾಗಿ ಉಳಿದುದು ವಿಚಿತ್ರವೇ ಸರಿ!

ಈ ಬೀಗವನ್ನು ಜನಸಾಮಾನ್ಯರ ಕೈಗೆ ಕೊಟ್ಟವನು ಫಿಲ್ ಜಿಮ್ಮರ್‌ಮನ್. ಅವನ ಪಿ.ಜಿ.ಪಿ. ಎಂಬ ತಂತ್ರಾಂಶವು 1991ರಲ್ಲಿ ಹೊರಬಂದು, ಬಹುಬೇಗ ಹೊರದೇಶಗಳಿಗೂ ಹಬ್ಬಿತು. ಪ್ರಬಲವಾದ ಗೂಢಲಿಪಿಯನ್ನು ಅಮೆರಿಕದ ಕಾನೂನು ಆಗ ಯುದ್ಧಸಾಮಗ್ರಿಗಳ ಸಾಲಿಗೆ ಸೇರಿಸಿದ್ದಿತು. ಆದುದರಿಂದ 1993ರಲ್ಲಿ ಅವನ ಮೇಲೆ ತನಿಖೆ ಮೊದಲಾಯಿತು. ತಂತ್ರಾಂಶದ ರಫ್ತಿಗೆ ನಿರ್ಬಂಧವಿತ್ತೇ ಹೊರತು ಪುಸ್ತಕಕ್ಕೆ ಇರಲಿಲ್ಲ. ಎಂ.ಐ.ಟಿ. ಪ್ರೆಸ್ 1995ರಲ್ಲಿ ಆ ತಂತ್ರಾಂಶದ ಮೂಲಪಾಠವನ್ನೆಲ್ಲ ಪುಸ್ತಕವಾಗಿಯೇ ಅಚ್ಚುಹಾಕಿತು! ಯಂತ್ರದ ಮೂಲಕ ಹೋಗಲಾರದ್ದು ಕಾಗದದ ಮೇಲೆ ಗಡಿ ದಾಟಬಹುದಾಯಿತು. 1996ರ ಜನವರಿಯಲ್ಲಿ ಸರ್ಕಾರವು ಮೊಕದ್ದಮೆ ಹೂಡದೆಯೇ ತನಿಖೆಯನ್ನು ಕೈಬಿಟ್ಟಿತು.

ಇಷ್ಟರಿಂದ ಲಕೋಟೆಯ ಒಳಗಿನದು ಭದ್ರವಾಯಿತು. ಆದರೆ ಮೇಲಿನ ವಿಳಾಸ? 2016ರಲ್ಲಿ ವಾಟ್ಸಾಪ್ ತನ್ನ ಸಂದೇಶಗಳಿಗೆಲ್ಲ ಬೀಗ ಹಾಕಿತು. ಆದರೂ ಒಂದೇ ಕಂಪನಿಯು ಪತ್ರಗಳನ್ನು ಒಯ್ಯುವಾಗ, ಯಾರು ಯಾರಿಗೆ ಯಾವಾಗ ಬರೆದರೆಂಬುದು ಆ ಅಂಚೆಯವನಿಗೆ ತಿಳಿಯಬಲ್ಲುದು. ಡೇವಿಡ್ ಚೌಮ್ ಎಂಬ ವಿದ್ವಾಂಸನು 1981ರಷ್ಟು ಹಿಂದೆಯೇ ಇದಕ್ಕೆ ಉಪಾಯ ಹೇಳಿದ್ದನು: ಪತ್ರವು ಲಕೋಟೆಯೊಳಗೊಂದು ಲಕೋಟೆಯಾಗಿ ಹಲವರ ಕೈದಾಟಲಿ. 2020ರಲ್ಲಿ ಬಂದ ಸೆಷನ್ ಎಂಬ ತಂತ್ರಾಂಶವು ಇದೇ ಜಾಡಿನದು. ಅದಕ್ಕೆ ಫೋನ್ ನಂಬರು ಬೇಕಿಲ್ಲ. ಸಂದೇಶವು ಬೇರೆ ಬೇರೆಯವರು ನಡೆಸುವ ಮೂರು ಯಂತ್ರಗಳನ್ನು ಹಾದುಹೋಗುತ್ತದೆ; ಪ್ರತಿಯೊಂದಕ್ಕೂ ತನ್ನ ಹಿಂದಿನ ಮತ್ತು ಮುಂದಿನ ನೆಲೆ ಮಾತ್ರ ಗೊತ್ತು.

ಹಾಗಾದರೆ ಈ ಅಪರಿಚಿತ ಅಂಚೆಯವರನ್ನು ನಂಬುವುದೆಂತು? ಬ್ಲಾಕ್‌ಚೈನಿಗೆ ಕೆಲಸ ಬರುವುದು ಇಲ್ಲಿ. ಯಂತ್ರ ನಡೆಸುವವನು ಠೇವಣಿ ಇಡಬೇಕು. ಆ ಠೇವಣಿಗಳ ದಾಖಲೆ, ಒಬ್ಬನೇ ತಿದ್ದಲಾಗದ ಬಹಿರಂಗ ಖಾತೆಪುಸ್ತಕದಲ್ಲಿರುತ್ತದೆ. ಸಂದೇಶಗಳೇ ಆ ಪುಸ್ತಕದಲ್ಲಿ ಇರುತ್ತವೆಂದು ಹಲವರು ತಿಳಿದಿರುವುದುಂಟು, ಅದು ತಪ್ಪು. ಅಳಿಸಲಾಗದ ಪುಸ್ತಕದಲ್ಲಿ ಖಾಸಗಿ ಪತ್ರವನ್ನು ಬರೆದಿಡುವುದು ವಿವೇಕವೂ ಅಲ್ಲ.

ಭಾರತ ಸರ್ಕಾರದ 2021ರ ನಿಯಮವು, ನ್ಯಾಯಾಲಯ ಮೊದಲಾದವುಗಳ ಆದೇಶ ಬಂದಾಗ, ದೊಡ್ಡ ಕಂಪನಿಗಳು ಸಂದೇಶವನ್ನು ಮೊದಲು ಕಳುಹಿಸಿದವನನ್ನು ಗುರುತಿಸಿಕೊಡಬೇಕೆಂದು ವಿಧಿಸಿತು. ವಾಟ್ಸಾಪ್ ಅದನ್ನು ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿತು. ಅಪರಾಧಿಯನ್ನು ಹುಡುಕುವುದು ಸರ್ಕಾರದ ಹೊಣೆಯೆಂಬುದನ್ನು ನಾನು ಅಲ್ಲಗಳೆಯಲಾರೆ. ಆದರೆ ಒಬ್ಬನನ್ನು ಹಿಡಿಯಲು ಎಲ್ಲರ ವಿಳಾಸವನ್ನೂ ಬರೆದಿಡಬೇಕಾಗಿ ಬಂದರೆ ಅದು ಸಣ್ಣ ಬೆಲೆಯೆಂದು ನನಗೆ ತೋರುವುದಿಲ್ಲ. 2023ರ ಮೇ ತಿಂಗಳಿನಲ್ಲಿ, ಜಮ್ಮು ಮತ್ತು ಕಾಶ್ಮೀರದ ಭಯೋತ್ಪಾದಕರು ಬಳಸುತ್ತಿದ್ದಾರೆಂಬ ಕಾರಣದಿಂದ 14 ತಂತ್ರಾಂಶಗಳಿಗೆ ತಡೆ ಬಿದ್ದಿತು. ಅವುಗಳಲ್ಲಿ ಬ್ರಯರ್ ಒಂದು. ಅದಕ್ಕೆ ಸಂದೇಶಗಳನ್ನು ಕೂಡಿಡುವ ಕೇಂದ್ರಯಂತ್ರವೇ ಇಲ್ಲ. ಹತ್ತಿರದ ಎರಡು ಫೋನುಗಳು ಅಂತರಜಾಲವಿಲ್ಲದೆ ಬ್ಲೂಟೂತಿನ ಮೂಲಕವೇ ಪತ್ರ ಬದಲಿಸಿಕೊಳ್ಳಬಲ್ಲವು.