ಮೆರವಣಿಗೆಯಲ್ಲಿ ಇಲ್ಲದ ಬಸ್ಸು

ಮೊನ್ನೆ ಭಾನುವಾರ ಬೆಳಿಗ್ಗೆ ಬೆಂಗಳೂರಿನ ನಮ್ಮ ಬೀದಿಯಲ್ಲಿ ಹಳೇ ಕಾರುಗಳ ರ‍್ಯಾಲಿ ಹೋಯಿತು. ಊರಿಂದ ಬಂದಿದ್ದ ಅಪ್ಪನಿಗೆ ಗೇಟಿನ ಹತ್ತಿರ ಕುರ್ಚಿ ಹಾಕಿ ಕೂರಿಸಿದ್ದೆ. ನಮ್ಮೂರು ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರ. ಅದೇ, ಅಶೋಕನ ಶಾಸನದ ಸಿದ್ದಾಪುರ!

ಮೊದಲು ಬಂದದ್ದು ಒಂದು ಬೇಬಿ ಆಸ್ಟಿನ್. ಆಮೇಲೆ ಮಾರಿಸ್, ಫೋರ್ಡ್, ಉದ್ದ ಮೂತಿಯ ಒಂದು ಷೆವ್ರೊಲೆ, ಕೊನೆಗೆ ನಾವೆಲ್ಲ ನೋಡಿ ಬೆಳೆದ ಫಿಯೆಟ್, ಅಂಬಾಸಿಡರ್. ಪಾಲಿಶ್ ಮಾಡಿದ ಹಿತ್ತಾಳೆ ದೀಪಗಳು, ಪೇಟ ಕಟ್ಟಿಕೊಂಡ ಮಾಲೀಕರು, 'ಪೋಂ ಪೋಂ' ಹಾರ್ನು. ಮಕ್ಕಳಿಗಂತೂ ಹಬ್ಬ. ಎಲ್ಲ ಮುಗಿದ ಮೇಲೆ ಅಪ್ಪ ಕೇಳಿದರು: "ಬಸ್ಸು ಯಾವಾಗ ಬರ್ತತಿ?"

ನಾನು ನಕ್ಕುಬಿಟ್ಟೆ. ಆಮೇಲೆ ಯೋಚಿಸಿದರೆ ನಗುವ ಪ್ರಶ್ನೆ ಅಲ್ಲ ಅನಿಸಿತು.

ನಮ್ಮ ತಾತ ಯುದ್ಧದ ಕಾಲದಲ್ಲಿ, ಅಂದರೆ 1940ರ ದಶಕದಲ್ಲಿ, ಬಳ್ಳಾರಿ ಕಡೆ ಓಡುತ್ತಿದ್ದ ಒಂದು ಖಾಸಗಿ ಬಸ್ಸಿನಲ್ಲಿ ಕ್ಲೀನರ್ ಆಗಿದ್ದರು. ಆ ಬಸ್ಸಿನ ಮೂತಿಯ ಮೇಲೂ ಇದೇ ಷೆವ್ರೊಲೆ ಗುರುತು ಇತ್ತಂತೆ. ಇದರಲ್ಲಿ ಆಶ್ಚರ್ಯವೇನಿಲ್ಲ. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ 1928ರಿಂದಲೇ ಬೊಂಬಾಯಿಯಲ್ಲಿ ಷೆವ್ರೊಲೆ ಗಾಡಿಗಳನ್ನು ಜೋಡಿಸಿ ಮಾರುತ್ತಿತ್ತು. ಕಾರು ಮಾತ್ರ ಅಲ್ಲ, ಲಾರಿ, ಬಸ್ಸುಗಳ ಚಾಸಿಯೂ ಅಲ್ಲಿಂದ ಬರುತ್ತಿತ್ತು. ಅದರ ಮೇಲೆ ನಮ್ಮ ಕಡೆಯ ಬಡಗಿ, ಕಮ್ಮಾರರು ಮರದ ಬಾಡಿ ಕಟ್ಟಿದರೆ ಬಸ್ಸು ತಯಾರು. ಅಂದರೆ ನಮ್ಮ ಬೀದಿಯಲ್ಲಿ ಮೆರೆದ ಕಾರಿಗೂ ತಾತನ ಬಸ್ಸಿಗೂ ಮನೆತನ ಒಂದೇ!

ಯುದ್ಧ ಶುರುವಾದ ಮೇಲೆ ಪೆಟ್ರೋಲಿಗೆ ರೇಷನ್ ಬಂತು. 1942ರಲ್ಲಿ ಬರ್ಮಾ ಜಪಾನಿನ ಕೈ ಸೇರಿದ ಮೇಲೆ ಅಲ್ಲಿಂದ ಬರುತ್ತಿದ್ದ ಎಣ್ಣೆಯೂ ನಿಂತಿತು. ಆಗ ಬಸ್ಸುಗಳನ್ನು ಓಡಿಸಿದ್ದು ಇದ್ದಿಲು. ಬಸ್ಸಿನ ಬೆನ್ನಿಗೆ ಒಂದು ದೊಡ್ಡ ಡ್ರಮ್ಮು, ಅದರೊಳಗೆ ಇದ್ದಿಲು. ಗಾಳಿ ಕಡಿಮೆ ಬಿಟ್ಟು ಉರಿಸಿದರೆ ಇದ್ದಿಲು ಪೂರ್ತಿ ಸುಡದೆ ಕಾರ್ಬನ್ ಮಾನಾಕ್ಸೈಡ್ ಅನಿಲ ಹುಟ್ಟುತ್ತದೆ. ಅದನ್ನು ತಣಿಸಿ, ಸೋಸಿ ಇಂಜಿನ್ನಿಗೆ ಕೊಡುವುದು. ಇದಕ್ಕೇ ಹಳಬರು 'ಗ್ಯಾಸ್ ಬಸ್ಸು' ಅನ್ನುತ್ತಿದ್ದುದು.

ಓದಲು ಸುಲಭ. ಆದರೆ ಬೆಳಗಿನ ಜಾವ ಎದ್ದು ಬೂದಿ ತೆಗೆದು, ಇದ್ದಿಲು ತುಂಬಿ, ಬೆಂಕಿ ಹಚ್ಚಿ, ಕೈಯಿಂದ ಬ್ಲೋವರ್ ತಿರುಗಿಸುತ್ತಾ ಕೂರಬೇಕಾದವನು ಕ್ಲೀನರ್. ಈ ಗ್ಯಾಸಿಗೆ ಪೆಟ್ರೋಲಿನಷ್ಟು ಕಸುವಿಲ್ಲ. ಏರು ಬಂದರೆ ಜನ ಇಳಿದು ನೂಕಬೇಕಿತ್ತು. ಕಾರ್ಬನ್ ಮಾನಾಕ್ಸೈಡ್ ವಿಷ ಬೇರೆ. ತಾತ ಕೊನೆಯವರೆಗೂ ಕೆಮ್ಮುತ್ತಿದ್ದರು, ಅಪ್ಪ ಅದನ್ನು 'ಇದ್ದಿಲು ಕೆಮ್ಮು' ಅನ್ನುತ್ತಾರೆ. ಅದರಿಂದಲೇ ಬಂತೋ ಇಲ್ಲವೋ, ಮನೆಯವರ ನಂಬಿಕೆ ಮಾತ್ರ ಅದೇ.

ಆ ಕಾಲದ ನಮ್ಮ ಕಡೆಯ ಭೂಗೋಳವನ್ನೂ ಸ್ವಲ್ಪ ಹೇಳಬೇಕು. ಮೊಳಕಾಲ್ಮೂರು ಮೈಸೂರು ಸಂಸ್ಥಾನದ ಗಡಿ ತಾಲ್ಲೂಕು. ಪಕ್ಕದ ಬಳ್ಳಾರಿ, ರಾಯದುರ್ಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದವು. ಬಳ್ಳಾರಿ ಮೈಸೂರಿಗೆ ಬಂದದ್ದು 1953ರ ಅಕ್ಟೋಬರ್ 1ರಂದು, ಅದೇ ದಿನ ರಾಯದುರ್ಗ ಆಂಧ್ರಕ್ಕೆ ಹೋಯಿತು. ನಮ್ಮ ತಾಲ್ಲೂಕಿಗೆ ರೈಲು ಬಂದದ್ದಂತೂ ಬಹಳ ತಡವಾಗಿ. ಹಾಗಾಗಿ ಬಳ್ಳಾರಿ ಆಸ್ಪತ್ರೆಗೆ ಹೋಗುವ ಬಸುರಿ, ಸೀರೆ ಗಂಟು ಹೊತ್ತ ನೇಕಾರ, ಕಡಲೆಕಾಯಿ ವ್ಯಾಪಾರಿ, ಎಲ್ಲರಿಗೂ ಬಸ್ಸೇ ಗತಿ. ಮೈಸೂರು ಸರ್ಕಾರ ತಾನೇ ಬಸ್ಸು ಓಡಿಸಲು ಶುರು ಮಾಡಿದ್ದು 1948ರ ಸೆಪ್ಟೆಂಬರ್ 12ರಂದು, 120 ಬಸ್ಸುಗಳಿಂದ. ಇಂದಿನ ಕೆ.ಎಸ್.ಆರ್.ಟಿ.ಸಿ.ಯ ಬೇರು ಅದು.

ಈಗ ಅಪ್ಪನ ಪ್ರಶ್ನೆಗೆ ಬರೋಣ. ಹಳೇ ಗಾಡಿಗಳನ್ನು ಉಳಿಸಲು 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಹೊಸ ನಿಯಮ ತಂದಿತು. 50 ವರ್ಷ ದಾಟಿದ, ಮೂಲ ರೂಪ ಹೆಚ್ಚು ಬದಲಾಗದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ನಂಬರ್ ಪ್ಲೇಟಿನಲ್ಲಿ 'ವಿ.ಎ.' ಅಕ್ಷರ, ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಒಳ್ಳೆಯ ನಿಯಮವೇ. ಆದರೆ ಇದು ಸ್ವಂತ ಬಳಕೆಯ ದ್ವಿಚಕ್ರ ವಾಹನ ಮತ್ತು ಕಾರುಗಳಿಗೆ ಮಾತ್ರ. ಬಾಡಿಗೆಗೆ ದುಡಿದ ಬಸ್ಸು, ಲಾರಿಗಳಿಗೆ ಇದರಲ್ಲಿ ಜಾಗ ಇಲ್ಲ!

ಕಾರಣವೂ ಅರ್ಥವಾಗುತ್ತದೆ. ಕಾರು ಶೆಡ್ಡಿನಲ್ಲಿ ನಿಂತಿತ್ತು, ಉಳಿಯಿತು. ಬಸ್ಸು ಸವೆಯುವ ತನಕ ದುಡಿಯಿತು. ಕೊನೆಗೆ ಚಾಸಿ ಗುಜರಿಗೆ, ಮರದ ಬಾಡಿ ಒಲೆಗೆ. ಶ್ರೀಮಂತರ ಕಾರು ಉಳಿದದ್ದು ತಪ್ಪಲ್ಲ, ಅದನ್ನು ಜೋಪಾನ ಮಾಡಿದವರಿಗೆ ನಮಸ್ಕಾರ. ಆದರೆ ಉಳಿದದ್ದನ್ನೇ ಪೂರ್ತಿ ಚರಿತ್ರೆ ಅಂದುಕೊಂಡರೆ, ಮೋಟಾರು ಗಾಡಿ ಅಂದರೆ ಮಾಲೀಕರ ಸೊಗಸು ಮಾತ್ರ ಅಂತಾಗುತ್ತದೆ. ನಮ್ಮೂರವರಿಗೆ ಅದು ಸೊಗಸಾಗಿರಲಿಲ್ಲ, ದಾರಿಯಾಗಿತ್ತು. ಅಲ್ಲದೆ ಆ ಕಾರುಗಳನ್ನೂ ದಿನಾ ಒರೆಸಿ, ಹ್ಯಾಂಡಲ್ ತಿರುಗಿಸಿ, ಚಕ್ರದ ಕೆಳಗೆ ಮಲಗಿ ರಿಪೇರಿ ಮಾಡಿದವರು ಯಾರು? ಕಾರಿನ ಮುಂದಿಟ್ಟ ಬೋರ್ಡಿನಲ್ಲಿ ಕಂಪನಿ ಹೆಸರು, ವರ್ಷ, ಮಾಲೀಕರ ಹೆಸರು ಇತ್ತು. ಮೆಕ್ಯಾನಿಕ್ ಹೆಸರು ಒಂದರಲ್ಲೂ ಕಾಣಲಿಲ್ಲ.

ಇಲ್ಲಿ ನಮ್ಮೂರ ಬಂಡೆ ನೆನಪಾಯಿತು. 1892ರಲ್ಲಿ ಬಿ.ಎಲ್. ರೈಸ್ ಅವರು ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಗುರುತಿಸಿದರು. ಕ್ರಿ.ಪೂ. 3ನೇ ಶತಮಾನದವು. ಬ್ರಹ್ಮಗಿರಿಯ ಶಾಸನದಲ್ಲಿ 'ದೇವಾನಾಂಪಿಯ' ಎಂಬ ಬಿರುದು ಇದೆಯೇ ಹೊರತು ಅಶೋಕ ಎಂಬ ಹೆಸರಿಲ್ಲ. ಆ ಹೆಸರು ಸ್ಪಷ್ಟವಾಗಿ ಸಿಕ್ಕಿದ್ದು 1915ರಲ್ಲಿ ಮಸ್ಕಿಯಲ್ಲಿ. ಆದರೆ ಬರೆದವನ ಹೆಸರು ಇದೆ: ಚಪಡ. ಶಾಸನವೆಲ್ಲ ಬ್ರಾಹ್ಮಿಯಲ್ಲಿ ಬರೆದು, ತಾನು 'ಲಿಪಿಕಾರ' ಅನ್ನುವ ಕೊನೆಯ ಪದವನ್ನು ಮಾತ್ರ ವಾಯುವ್ಯ ಭಾರತದ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಚಕ್ರವರ್ತಿಯ ಬಂಡೆಯ ಮೇಲೆ ಕೆಲಸಗಾರ ತನ್ನ ಗುರುತು ಬಿಟ್ಟ. ಇಷ್ಟು ಶತಮಾನಗಳ ಮೇಲೂ ನಾವು ಅವನ ಹೆಸರು ಹೇಳುತ್ತಿದ್ದೇವೆ.

ಹಾಗಿದ್ದ ಮೇಲೆ ಎಂಬತ್ತು ವರ್ಷದ ಹಿಂದಿನ ಕ್ಲೀನರ್, ಡ್ರೈವರ್, ಮೆಕ್ಯಾನಿಕ್‌ಗಳ ಹೆಸರು ನಮಗೆ ಭಾರವೇ? ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ ಗ್ಯಾಸ್ ಬಸ್ಸಿನ ಬಗ್ಗೆ ಒಮ್ಮೆ ಕೇಳಿ, ಬರೆದಿಟ್ಟುಕೊಳ್ಳಿ. ಬಸ್ಸಂತೂ ಹೋಯಿತು, ಮಾತಾದರೂ ಉಳಿಯಲಿ.

ಅಪ್ಪನಿಗೆ ಸಂಜೆ ಹೇಳಿದೆ, ಬಸ್ಸು ಬರಲ್ಲ ಅಂತ. "ನಮ್ಮಪ್ಪ ಹೊತ್ತಿಗೆ ಮುಂಚೆ ಎದ್ದು ಬೆಂಕಿ ಹಾಕ್ತಿದ್ದ. ಬಸ್ಸು ಒಂದಿನಾನೂ ತಡ ಆಗಿರ್ಲಿಲ್ಲ ಬಿಡು" ಅಂದು ಸುಮ್ಮನಾದರು.